ಮೂಲವಸ್ತುವಿನ ಗುರುತು

೨೦೨೦ನೆಯ ಇಸವಿಯ ಆದಿಭಾಗದಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲಾ ಕಾಣಿಸಿಕೊಂಡಿತು. ಶ್ರೀರಂಗಪಟ್ಟಣದ ತಾಲ್ಲೂಕಿಗೆ ಸೇರಿದ ಮರಳಗಾಲ, ಅಲ್ಲಾಪಟ್ಟಣ ಗ್ರಾಮಗಳ ಆಸುಪಾಸಿನ ಕಲ್ಲುಭೂಮಿಯಲ್ಲಿ ಲಿಥಿಯಂ ಎಂಬ ಮೂಲವಸ್ತುವಿರುವುದನ್ನು ಕೇಂದ್ರ ಸರ್ಕಾರದ ಪರಮಾಣು ಖನಿಜ ನಿರ್ದೇಶನಾಲಯದವರು ಕಂಡುಕೊಂಡಿರುವರೆಂಬುದೇ ಆ ವಾರ್ತೆ. ಅಂದಿನಿಂದ ನಮ್ಮ ಬಾಲಕಿಯರ ತಂದೆತಾಯಿಗಳೂ, ಈ ಶಾಲೆಯಲ್ಲಿ ಓದಿ ಈಗ ಸಂಸಾರವಂದಿಗರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ನಮ್ಮನ್ನು ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾ ಬಂದಿರುವರು. ಕಣ್ಣಿಗೆ ಬರಿಯ ಕಲ್ಲಾಗಿ ಕಾಣುವುದರೊಳಗೆ ಲೋಹವಿದೆಯೆಂದು ಹೇಳುವುದು ಹೇಗೆ ಎಂಬುದು ಒಂದು. ಮೊಬೈಲಿನ ಬ್ಯಾಟರಿಯಲ್ಲಿರುವ ಲಿಥಿಯಂ ದೀಪದ ಎಣ್ಣೆಯಂತೆ ದಿನದಿನಕ್ಕೆ ತೀರಿಹೋಗುವುದೇ ಎಂಬುದು ಇನ್ನೊಂದು. ಮೂರನೆಯದೊಂದು ಪ್ರಶ್ನೆಯೂ ಉಂಟು. ಅದನ್ನು ಕೇಳಿದವರು ಹಣವನ್ನು ಕಳೆದುಕೊಂಡ ಮೇಲೆ ಕೇಳಿದರು. ಆ ವಿಚಾರವನ್ನು ಮುಂದೆ ಅದರ ಸ್ಥಳದಲ್ಲಿ ಹೇಳುವೆವು. ಮೂರಕ್ಕೂ ಉತ್ತರವು ಒಂದೇ ಕಡೆಯಿಂದ ಬರತಕ್ಕದ್ದು: ಯಾವುದರಿಂದ ಲಿಥಿಯಂ ಲಿಥಿಯಮ್ಮಾಗಿದೆ, ತಾಮ್ರವು ತಾಮ್ರವಾಗಿದೆ, ಎಂಬ ತಿಳಿವಳಿಕೆಯಿಂದ.

ಪ್ರಪಂಚದ ಸಕಲ ಪದಾರ್ಥಗಳೂ ಪರಮಾಣುಗಳಿಂದ ಆದವೆಂಬುದನ್ನು ನಮ್ಮ ವಾಚಕರು ಬಲ್ಲರು. ಆ ಪರಮಾಣುವಿನ ನಡುವೆ, ಮಾವಿನ ಹಣ್ಣಿನೊಳಗೆ ವಾಟೆಯಿರುವಂತೆ, ಒಂದು ಬೀಜವಿದೆ. ಹೋಲಿಕೆಯನ್ನು ತುಂಬ ದೂರ ಎಳೆಯಬಾರದು. ಏಕೆಂದರೆ ಪರಮಾಣುವಿನ ಗಾತ್ರಕ್ಕೆ ಹೋಲಿಸಿದರೆ ಈ ಬೀಜವು ದೊಡ್ಡ ಬಯಲಿನ ನಡುವೆ ಬಿದ್ದ ಒಂದು ರಾಗಿಕಾಳಿನಷ್ಟು. ಆದರೂ ಪರಮಾಣುವಿನ ತೂಕವೆಲ್ಲವೂ ಹೆಚ್ಚುಕಡಿಮೆ ಅದರಲ್ಲಿಯೇ ಅಡಗಿದೆ. ಬೀಜದೊಳಗೆ ಎರಡು ಬಗೆಯ ಕಣಗಳು: ಧನವಿದ್ಯುತ್ತನ್ನು ಹೊತ್ತ ಪ್ರೋಟಾನುಗಳು ಮತ್ತು ಯಾವ ವಿದ್ಯುತ್ತೂ ಇಲ್ಲದ ನ್ಯೂಟ್ರಾನುಗಳು. ಬೀಜದ ಹೊರಗೆ ಋಣವಿದ್ಯುತ್ತನ್ನು ಹೊತ್ತ ಎಲೆಕ್ಟ್ರಾನುಗಳು ವ್ಯಾಪಿಸಿಕೊಂಡಿರುವುವು. ಒಂದು ಪ್ರೋಟಾನಿನ ತೂಕವು ಒಂದು ಎಲೆಕ್ಟ್ರಾನಿನ ತೂಕಕ್ಕಿಂತ ಸುಮಾರು ೧೮೩೬ ಪಟ್ಟು ಹೆಚ್ಚು; ಆದರೆ ಅವೆರಡರ ವಿದ್ಯುತ್ತಿನ ಪ್ರಮಾಣವು ಸರಿಸಮ. ಆದಕಾರಣ ಪ್ರೋಟಾನುಗಳೆಷ್ಟೋ ಎಲೆಕ್ಟ್ರಾನುಗಳೂ ಅಷ್ಟೇ ಇದ್ದಾಗ ಪರಮಾಣುವಿಗೆ ಹೊರಗೆ ತೋರುವ ವಿದ್ಯುತ್ತು ಯಾವುದೂ ಇರುವುದಿಲ್ಲ. ಎಲೆಕ್ಟ್ರಾನನ್ನು ೧೮೯೭ರಲ್ಲಿ ಜೆ. ಜೆ. ಥಾಮ್ಸನ್ನರೂ, ಬೀಜವನ್ನು ೧೯೧೧ರಲ್ಲಿ ರುದರ್‌ಫರ್ಡರೂ, ನ್ಯೂಟ್ರಾನನ್ನು ೧೯೩೨ರಲ್ಲಿ ಚ್ಯಾಡ್ವಿಕ್ಕರೂ ಕಂಡುಹಿಡಿದರು. ಪ್ರೋಟಾನೆಂಬ ಹೆಸರನ್ನು ೧೯೨೦ರಲ್ಲಿ ಇಟ್ಟವರೂ ರುದರ್‌ಫರ್ಡರೇ.

ಮೂಲವಸ್ತುವಿನ ಗುರುತು ಪ್ರೋಟಾನುಗಳ ಎಣಿಕೆಯೊಂದೇ. ಒಂದು ಪ್ರೋಟಾನಿದ್ದರೆ ಅದು ಜಲಜನಕ, ಎರಡಿದ್ದರೆ ಹೀಲಿಯಂ, ಮೂರಿದ್ದರೆ ಲಿಥಿಯಂ, ಆರಿದ್ದರೆ ಇಂಗಾಲ, ೨೬ ಇದ್ದರೆ ಕಬ್ಬಿಣ, ೭೯ ಇದ್ದರೆ ಬಂಗಾರ. ಈ ಎಣಿಕೆಗೆ ಪರಮಾಣು ಸಂಖ್ಯೆಯೆಂದು ಹೆಸರು. ಇದರಲ್ಲಿ ಅರ್ಧ, ಕಾಲು ಎಂಬುದಿಲ್ಲ. ಎರಡೂವರೆ ಪ್ರೋಟಾನಿನ ಮೂಲವಸ್ತುವೂ ಇಲ್ಲ.

ಒಂದೇ ಒಂದು ಪ್ರೋಟಾನಿನಿಂದ ಎಷ್ಟು ವ್ಯತ್ಯಾಸವಾಗುವುದೆಂಬುದನ್ನು ನೋಡಬೇಕಾದರೆ ನಾಗಮಂಗಲದ ಕಡೆಗೆ ತಿರುಗಬಹುದು. ಹಿತ್ತಾಳೆ, ಕಂಚುಗಳ ಕೆಲಸಕ್ಕೆ ಆ ಊರು ಹಿಂದಿನಿಂದಲೂ ಹೆಸರಾದುದು. ಹಿತ್ತಾಳೆಯು ಮೂಲವಸ್ತುವಲ್ಲ, ಅದು ತಾಮ್ರ ಮತ್ತು ಸತುವುಗಳ ಬೆರಕೆ. ತಾಮ್ರಕ್ಕೆ ೨೯ ಪ್ರೋಟಾನು, ಸತುವಿಗೆ ೩೦. ಒಂದು ಕೆಂಪು, ಇನ್ನೊಂದು ನೀಲಿ ಬೆರೆತ ಬಿಳುಪು. ತಾಮ್ರವನ್ನು ಕರಗಿಸಲು ೧೦೮೫ ಡಿಗ್ರಿ ಸೆಂಟಿಗ್ರೇಡಿನ ಉರಿ ಬೇಕು. ಸತುವಾದರೋ ೯೦೭ ಡಿಗ್ರಿಯಲ್ಲಿಯೇ ಕುದಿದು ಆವಿಯಾಗಿ ಹೋಗುವುದು. ಆದಕಾರಣವೇ ಹಿತ್ತಾಳೆಯನ್ನು ಕರಗಿಸುವವರು ಮೂಸೆಯಿಂದ ಬಿಳಿಯ ಹೊಗೆ ಏಳದಂತೆ ಎಚ್ಚರಿಕೆಯಿಂದಿರಬೇಕಾಗುವುದು. ಎರಡನ್ನೂ ಕೂಡಿಸಿದಾಗ ಬಂದ ಹಳದಿಯ ಬಣ್ಣವು ಹೊಸದಾದರೂ ಪರಮಾಣುಗಳು ಹೊಸವಲ್ಲ. ೨೯ ಮತ್ತು ೩೦ರ ನಡುವಣ ಯಾವುದೋ ಲೋಹವು ಅಲ್ಲಿ ಹುಟ್ಟಿಲ್ಲ. ಬೇರ್ಪಡಿಸಬಲ್ಲವನು ಬೇರ್ಪಡಿಸಿದರೆ ಎಷ್ಟು ತಾಮ್ರ ಹಾಕಿದ್ದರೋ ಅಷ್ಟು ತಾಮ್ರವೇ ಹಿಂದಕ್ಕೆ ಬರುವುದು.

ಗುರುತು ತೂಕದಲ್ಲಿಲ್ಲ, ಈ ಎಣಿಕೆಯಲ್ಲಿದೆ ಎಂಬುದನ್ನು ಸ್ಥಾಪಿಸಿದವನು ಹೆನ್ರಿ ಮೋಸ್ಲಿ ಎಂಬ ಇಂಗ್ಲೆಂಡಿನ ತರುಣ. ಅವನಿಗಿಂತ ಮುಂಚೆ ಮೂಲವಸ್ತುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಸಾಲಾಗಿ ಇಡುತ್ತಿದ್ದರು. ಆ ಸಾಲಿನಲ್ಲಿ ಒಂದೆರಡು ಕಡೆ ತೊಡಕು ಬೀಳುತ್ತಿತ್ತು. ಕೋಬಾಲ್ಟಿನ ತೂಕ ೫೮.೯೩, ನಿಕಲ್ಲಿನದು ೫೮.೬೯; ತೂಕವನ್ನೇ ನಂಬಿದರೆ ನಿಕಲ್ಲು ಮೊದಲು ಬರಬೇಕು. ಗುಣಗಳನ್ನು ನೋಡಿದರೆ ಕೋಬಾಲ್ಟೇ ಮೊದಲು ನಿಲ್ಲತಕ್ಕದ್ದು. ಮೋಸ್ಲಿಯು ೧೯೧೩ ಮತ್ತು ೧೯೧೪ರಲ್ಲಿ ಒಂದೊಂದು ಮೂಲವಸ್ತುವಿನಿಂದಲೂ ಎಕ್ಸ್-ಕಿರಣಗಳನ್ನು ಹೊರಡಿಸಿ ಅವುಗಳ ಕಂಪನವನ್ನು ಅಳೆದನು. ಆ ಕಂಪನಸಂಖ್ಯೆಯ ವರ್ಗಮೂಲವು ಒಂದು ಮೂಲವಸ್ತುವಿನಿಂದ ಮುಂದಿನದಕ್ಕೆ ಮೆಟ್ಟಿಲು ಹತ್ತಿದಂತೆ ಸಮವಾಗಿ ಏರುತ್ತಾ ಹೋಯಿತು. ಕೋಬಾಲ್ಟು ೨೭ನೆಯ ಮೆಟ್ಟಿಲಿನ ಮೇಲೂ ನಿಕಲ್ಲು ೨೮ನೆಯದರ ಮೇಲೂ ನಿಂತವು. ಅಷ್ಟೇ ಅಲ್ಲ, ಕೆಲವು ಮೆಟ್ಟಿಲುಗಳು ಬರಿದಾಗಿದ್ದುವು. ಅಲ್ಲಿ ನಿಲ್ಲತಕ್ಕ ಮೂಲವಸ್ತು ಇನ್ನೂ ಸಿಕ್ಕಿಲ್ಲವೆಂಬುದು ಅದರಿಂದ ತಿಳಿಯಿತು. ಹಾಗೆ ಬರಿದಾಗಿದ್ದ ೭೫ನೆಯ ಸ್ಥಾನಕ್ಕೆ ಸಲ್ಲುವ ರೀನಿಯಂ ಎಂಬುದನ್ನು ೧೯೨೫ರಲ್ಲಿ ಜರ್ಮನಿಯಲ್ಲಿ ಕಂಡುಹಿಡಿದ ಮೂವರಲ್ಲಿ ಈಡಾ ಟಾಕೆ ಎಂಬ ಸ್ತ್ರೀಯೂ ಒಬ್ಬಳೆಂಬುದನ್ನು ನಮ್ಮ ಬಾಲಕಿಯರಿಗೆ ನಾವು ತಪ್ಪದೆ ಹೇಳುವೆವು. ಮೋಸ್ಲಿಯಾದರೋ ಆ ವೇಳೆಗೆ ಬದುಕಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯವನ್ನು ಸೇರಿ, ೧೯೧೫ನೆಯ ಆಗಸ್ಟ್ ೧೦ರಂದು ಗ್ಯಾಲಿಪೊಲಿಯಲ್ಲಿ ಗುಂಡಿಗೆ ಬಲಿಯಾದನು. ಆಗ ಅವನ ವಯಸ್ಸು ೨೭. ಇಂದು ಪೇಟೆಯ ಚಿನ್ನದಂಗಡಿಗಳಲ್ಲಿ ಬಳೆಯನ್ನು ಕರಗಿಸದೆ, ಉಜ್ಜದೆ, ಒಂದು ಪೆಟ್ಟಿಗೆಯೊಳಗಿಟ್ಟು ಎಕ್ಸ್-ಕಿರಣದಿಂದ ಚಿನ್ನವೆಷ್ಟು ತಾಮ್ರವೆಷ್ಟು ಎಂದು ಹೇಳುವರಷ್ಟೆ. ಅದು ಮೋಸ್ಲಿಯ ಮೆಟ್ಟಿಲುಗಳ ಉಪಯೋಗವೇ ಆಗಿದೆ.

ಹಾಗಾದರೆ ಎಲೆಕ್ಟ್ರಾನುಗಳ ಕೆಲಸವೇನು? ಮೂಲವಸ್ತುವಿನ ನಡತೆಯೆಲ್ಲಾ ಅವುಗಳದೇ. ಯಾವುದರೊಡನೆ ಕೂಡುವುದು, ಎಷ್ಟು ಬಿಗಿಯಾಗಿ ಕೂಡುವುದು, ಯಾವ ಬಣ್ಣವನ್ನು ತೋರುವುದು, ವಿದ್ಯುತ್ತನ್ನು ಹರಿಯಗೊಡುವುದೋ ಇಲ್ಲವೋ, ಇವೆಲ್ಲವೂ ಹೊರಗಿನ ಎಲೆಕ್ಟ್ರಾನುಗಳ ವ್ಯವಹಾರ. ಪ್ರೋಟಾನುಗಳು ಬೀಜದೊಳಗೆ ಭದ್ರವಾಗಿರುವುವು. ಎಲೆಕ್ಟ್ರಾನುಗಳನ್ನಾದರೋ ಪರಮಾಣುವು ಕೊಡಬಹುದು, ಕೊಳ್ಳಬಹುದು, ನೆರೆಯ ಪರಮಾಣುವಿನೊಡನೆ ಹಂಚಿಕೊಳ್ಳಲೂಬಹುದು. ಹೆಣ್ಣುಮಗಳು ಮದುವೆಯಾಗಿ ಹೋದ ಮನೆಯಲ್ಲಿ ಉಡುಗೆ, ತೊಡುಗೆ, ಮಾತಿನ ಧಾಟಿ ಬದಲಾದರೂ ಹೆತ್ತವರಿಗೆ ಮಗಳು ಮಗಳೇ.

ನಮ್ಮ ತರಗತಿಗಳಲ್ಲಿ ಪ್ರತಿ ವರ್ಷವೂ ಜಾಣೆಯಾದ ಹುಡುಗಿಯೊಬ್ಬಳು ಎದ್ದುನಿಂತು ಕೇಳುವ ಪ್ರಶ್ನೆಯೊಂದಿದೆ. “ಲಿಥಿಯಮ್ಮಿಗೆ ಮೂರು ಎಲೆಕ್ಟ್ರಾನು. ಅದು ಒಂದನ್ನು ಬಿಟ್ಟುಕೊಟ್ಟರೆ ಎರಡು ಉಳಿಯುತ್ತವೆ. ಹೀಲಿಯಮ್ಮಿಗೂ ಎರಡೇ ಅಲ್ಲವೇ, ಅಮ್ಮಾ? ಹಾಗಾದರೆ ಲಿಥಿಯಂ ಹೀಲಿಯಮ್ಮಾಗಲಿಲ್ಲವೇ?” ಪ್ರಶ್ನೆಯು ಬಹು ಯೋಗ್ಯವಾದುದು. ಉತ್ತರವು, ಇಲ್ಲ. ಬೀಜದೊಳಗೆ ಮೂರು ಪ್ರೋಟಾನುಗಳು ಹಾಗೆಯೇ ಇರುವುವು. ಎಣಿಕೆಯಲ್ಲಿ ಎರಡು ಎಲೆಕ್ಟ್ರಾನುಗಳಾದರೂ ಅವುಗಳನ್ನು ಹಿಡಿದಿರುವುದು ಮೂರರ ಬಲ. ಆದುದರಿಂದ ಅವು ಹೀಲಿಯಮ್ಮಿನಲ್ಲಿರುವುದಕ್ಕಿಂತ ಬಿಗಿಯಾಗಿ ಬೀಜದ ಸಮೀಪಕ್ಕೆ ಸೆಳೆಯಲ್ಪಟ್ಟಿರುವುವು. ಪರಮಾಣುವಿಗೆ ಒಂದು ಧನವಿದ್ಯುತ್ತು ಉಳಿಯುವುದು. ಇಂತಹ ಪರಮಾಣುವಿಗೆ ಅಯಾನು ಎಂದು ಹೆಸರು. ಹೀಲಿಯಂ ಬಲೂನಿನಲ್ಲಿ ತುಂಬುವ, ಯಾವುದರೊಡನೆಯೂ ಸೇರದ ಅನಿಲ. ಲಿಥಿಯಂ ಅಯಾನಾದರೋ ಕಲ್ಲಿನಲ್ಲಿ, ಉಪ್ಪಿನಲ್ಲಿ, ನೀರಿನಲ್ಲಿ ನೆಲೆನಿಲ್ಲತಕ್ಕದ್ದು.

ಎಲೆಕ್ಟ್ರಾನು ಕೈಬದಲಾಯಿಸುವುದನ್ನು ಗೃಹಿಣಿಯರು ದಿನವೂ ನೋಡುವರು. ತಾಮ್ರದ ಹಂಡೆಗೆ ಹಿಡಿಯುವ ಹಸುರು ಕಿಲುಬು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟ ತಾಮ್ರವು ಬೇರೆಯವುಗಳೊಡನೆ ಕೂಡಿ ಆದುದು. ಹುಣಸೆಹಣ್ಣಿನ ಹುಳಿಯು ಆ ಕಿಲುಬನ್ನು ಕರಗಿಸಿಕೊಂಡು ಹೋಗುವುದು. ಹಸುರಾದ ಕಿಲುಬಿನಲ್ಲಿರುವುದೂ, ತೊಳೆದ ನೀರಿನಲ್ಲಿ ಹೋದುದೂ, ಥಳಥಳನೆ ಕೆಳಗೆ ಉಳಿದುದೂ ೨೯ ಪ್ರೋಟಾನಿನ ತಾಮ್ರವೇ.

ಇದಕ್ಕಿಂತ ಕಣ್ಣಿಗೆ ಕಟ್ಟುವ ಪ್ರಯೋಗವೊಂದನ್ನು ನಮ್ಮ ಪ್ರಯೋಗಶಾಲೆಯಲ್ಲಿ ಒಂಬತ್ತನೆಯ ತರಗತಿಯವರಿಂದ ಮಾಡಿಸುವೆವು. ರೈತರು ಬೆಳೆಗೆ ಸಿಂಪಡಿಸುವ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿದರೆ ಅಂದವಾದ ನೀಲಿಯ ನೀರಾಗುವುದು. (ಇದು ವಿಷವಸ್ತು, ಮನೆಯಲ್ಲಿ ಅಡಿಗೆಯ ಪಾತ್ರೆಯಲ್ಲಿ ಮಾಡತಕ್ಕದ್ದಲ್ಲ.) ಅದರೊಳಗೆ ಚೆನ್ನಾಗಿ ಉಜ್ಜಿದ ಕಬ್ಬಿಣದ ಮೊಳೆಯೊಂದನ್ನು ಇಳಿಬಿಟ್ಟು ಸ್ವಲ್ಪ ಹೊತ್ತು ಕಾದರೆ ಮೊಳೆಯು ಕೆಂಪಾಗಿ, ತಾಮ್ರದ ಮೊಳೆಯಂತೆ ಹೊರಬರುವುದು. ಹಿಂದಿನ ಕಾಲದ ರಸವಾದಿಗಳು ಇದನ್ನು ನೋಡಿ ಕಬ್ಬಿಣವೇ ತಾಮ್ರವಾಯಿತೆಂದು ನಂಬಿದುದರಲ್ಲಿ ಆಶ್ಚರ್ಯವಿಲ್ಲ. ನಡೆದುದಿಷ್ಟೆ: ಕಬ್ಬಿಣದ ಪರಮಾಣುವೊಂದು ತನ್ನ ಎರಡು ಎಲೆಕ್ಟ್ರಾನುಗಳನ್ನು ಬಿಟ್ಟು ನೀರಿಗೆ ಇಳಿಯಿತು, ನೀರಿನಲ್ಲಿದ್ದ ತಾಮ್ರದ ಅಯಾನು ಆ ಎರಡನ್ನೂ ತೆಗೆದುಕೊಂಡು ಲೋಹವಾಗಿ ಮೊಳೆಯ ಮೇಲೆ ಕುಳಿತಿತು. ನೀರಿನ ನೀಲಿಯು ಮಾಸಿ ತೆಳುವಾದ ಹಸುರು ಬರುವುದರಿಂದ ಕಬ್ಬಿಣವು ಅಲ್ಲಿಗೆ ಹೋಗಿರುವುದು ತಿಳಿಯುವುದು. ಮೊಳೆಯನ್ನು ಅರದಿಂದ ಉಜ್ಜಿದರೆ ಒಳಗೆ ಕಬ್ಬಿಣವೇ ಇದೆ. ಎಲೆಕ್ಟ್ರಾನುಗಳು ಕೈಬದಲಾಯಿಸಿದುವು, ಪ್ರೋಟಾನೊಂದೂ ಕದಲಲಿಲ್ಲ.

ನ್ಯೂಟ್ರಾನುಗಳ ವಿಚಾರವಾಗಿ ಒಂದು ಮಾತನ್ನು ಮಾತ್ರ ಹೇಳುವೆವು. ಪ್ರೋಟಾನುಗಳು ಅಷ್ಟೇ ಇದ್ದು ನ್ಯೂಟ್ರಾನುಗಳು ಹೆಚ್ಚುಕಡಿಮೆಯಾದರೆ ಮೂಲವಸ್ತುವು ಅದೇ, ತೂಕ ಮಾತ್ರ ಬೇರೆ. ಇಂಗಾಲದಲ್ಲಿ ಆರು ನ್ಯೂಟ್ರಾನಿನದೂ ಏಳು ನ್ಯೂಟ್ರಾನಿನದೂ ಉಂಟು. ಪಾಂಡವಪುರದ ಸೀಮೆಯಲ್ಲಿ ಎಲ್ಲಿ ನೋಡಿದರೂ ಕಾಣುವ ಕಬ್ಬು ಗಾಳಿಯಿಂದ ಇಂಗಾಲವನ್ನು ಹೀರುವ ರೀತಿಯು ಬತ್ತದ ರೀತಿಗಿಂತ ಬೇರೆಯಾದುದರಿಂದ, ಕಬ್ಬಿನ ಸಕ್ಕರೆಯಲ್ಲಿ ಏಳು ನ್ಯೂಟ್ರಾನಿನ ಇಂಗಾಲವು ಅತ್ಯಲ್ಪ ಪ್ರಮಾಣದಲ್ಲಿ ಹೆಚ್ಚಾಗಿರುವುದು. ಜೇನುತುಪ್ಪಕ್ಕೆ ಕಬ್ಬಿನ ಪಾಕವನ್ನು ಬೆರೆಸಿ ಮಾರುವವರನ್ನು ಪರೀಕ್ಷಕರು ಈ ಅತ್ಯಲ್ಪ ವ್ಯತ್ಯಾಸವನ್ನು ಅಳೆದು ಹಿಡಿಯುವರು. ನಾಲಿಗೆಗೆ ಮಾತ್ರ ಅದು ಎಂದಿಗೂ ತಿಳಿಯತಕ್ಕದ್ದಲ್ಲ. ಎರಡೂ ಇಂಗಾಲವೇ, ರುಚಿಯನ್ನು ನಿರ್ಣಯಿಸುವ ಎಲೆಕ್ಟ್ರಾನುಗಳ ವ್ಯವಸ್ಥೆಯು ಎರಡರಲ್ಲೂ ಒಂದೇ.

ಇನ್ನು ನಮ್ಮ ಕಲ್ಲಿಗೆ ಬರುವೆವು. ಕಲ್ಲಿನೊಳಗೆ ಲೋಹವಿರುವುದು ವಿಶೇಷವೇನೂ ಅಲ್ಲ. ಕೃಷ್ಣರಾಜಪೇಟೆಯ ಸಮೀಪದ ಹೊಸಹೊಳಲಿನಲ್ಲಿ ೧೩ನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವನ್ನು ನೋಡಿದವರು ಅಲ್ಲಿಯ ನಯವಾದ ಬಳಪದ ಕಲ್ಲಿನ ಕೆತ್ತನೆಯನ್ನು ಮೆಚ್ಚಿರುವರಷ್ಟೆ. ಆ ಕಲ್ಲಿನ ಮುಖ್ಯ ಅಂಶದಲ್ಲಿ ೧೨ ಪ್ರೋಟಾನಿನ ಮೆಗ್ನೀಸಿಯಂ ಎಂಬ ಲೋಹವಿದೆ. ಬಿಡಿಯಾಗಿದ್ದರೆ ಕಣ್ಣು ಕೋರೈಸುವಂತೆ ಉರಿಯುವ ಲೋಹವದು. ಸಿಲಿಕನ್ ಮತ್ತು ಆಮ್ಲಜನಕಗಳೊಡನೆ ಕೂಡಿ, ತನ್ನ ಎಲೆಕ್ಟ್ರಾನುಗಳನ್ನು ಒಪ್ಪಿಸಿಬಿಟ್ಟ ಮೇಲೆ, ಉಗುರಿನಿಂದ ಗೀರಬಹುದಾದ ಮೆತ್ತನೆಯ ಕಲ್ಲಾಗಿ ಶತಮಾನಗಳಿಂದ ಮಳೆಯಲ್ಲಿ ನಿಂತಿದೆ. ಮರಳಗಾಲದ ಲಿಥಿಯಂ ಸಹ ಹಾಗೆಯೇ. ಅದು ಪೆಗ್ಮಟೈಟ್ ಎಂಬ ದಪ್ಪ ಹರಳುಗಳ ಶಿಲೆಯಲ್ಲಿ, ಮುಖ್ಯವಾಗಿ ಸ್ಪಾಡ್ಯುಮೀನ್ ಎಂಬ ಖನಿಜದಲ್ಲಿ, ಅಲ್ಯುಮಿನಿಯಂ, ಸಿಲಿಕನ್, ಆಮ್ಲಜನಕಗಳೊಡನೆ ಕೂಡಿಕೊಂಡಿದೆ. ಬಿಡಿಯಾದ ಲಿಥಿಯಂ ಚಾಕುವಿನಿಂದ ಕೊಯ್ಯಬಹುದಾದಷ್ಟು ಮೃದು, ನೀರಿನ ಮೇಲೆ ತೇಲುವಷ್ಟು ಹಗುರ, ನೀರು ತಾಗಿದೊಡನೆ ಜಲಜನಕವನ್ನು ಬಿಡುವ ಚುರುಕಿನ ಲೋಹ. ಕಲ್ಲಿನಲ್ಲಿಯೋ ಅದು ಯುಗಯುಗಗಳಿಂದ ಮಳೆನೀರಿನಲ್ಲಿ ನೆನೆದರೂ ಸುಮ್ಮನಿದೆ. ಸ್ವೀಡನ್ನಿನ ಆರ್ಫ್‌ವೆಡ್ಸನ್ ಎಂಬಾತನು ೧೮೧೭ರಲ್ಲಿ ಇದನ್ನು ಮೊದಲು ಕಂಡುದೂ ಒಂದು ಕಲ್ಲಿನಲ್ಲಿಯೇ. ಲಿಥಿಯಂ ಎಂಬ ಹೆಸರಿಗೆ ಗ್ರೀಕ್ ಭಾಷೆಯ ಕಲ್ಲು ಎಂಬ ಶಬ್ದವೇ ಮೂಲ.

ಇದೆಯೆಂದು ತಿಳಿಯುವುದು ಹೇಗೆ? ಲಿಥಿಯಮ್ಮಿನ ಲವಣವನ್ನು ಜ್ವಾಲೆಗೆ ಹಿಡಿದರೆ ಜ್ವಾಲೆಯು ಕಡುಗೆಂಪಾಗುವುದು. ಆ ಕೆಂಪು ಬೆಳಕನ್ನು ಪಟ್ಟಕದಿಂದ ಬಿಡಿಸಿ ನೋಡಿದರೆ ಅದರ ಗೆರೆಗಳು ಒಂದು ನಿಯತವಾದ ಸ್ಥಾನದಲ್ಲಿ ಬೀಳುವುವು. ಬೇರೆ ಯಾವ ಮೂಲವಸ್ತುವಿಗೂ ಆ ಗೆರೆಗಳ ಸಾಲು ಇಲ್ಲ. ಬೆಳಕನ್ನು ಬೀರುವುದು ಎಲೆಕ್ಟ್ರಾನೇ ಸರಿ. ಆದರೆ ಆ ಎಲೆಕ್ಟ್ರಾನು ಎಷ್ಟು ದೂರ, ಎಷ್ಟು ಬಿಗಿಯಾಗಿ ನಿಲ್ಲಬೇಕೆಂದು ನಿರ್ಣಯಿಸಿದವು ಬೀಜದ ಮೂರು ಪ್ರೋಟಾನುಗಳು. ಹೀಗೆ ಎಲೆಕ್ಟ್ರಾನು ಸಾಕ್ಷಿ ಹೇಳುವುದು, ಪ್ರೋಟಾನು ಪತ್ತೆಯಾಗುವುದು.

ಎಷ್ಟಿದೆ ಎಂಬುದು ಬೇರೆಯ ಮಾತು. ೨೦೨೦ರಲ್ಲಿ ಪತ್ರಿಕೆಗಳು ೧೪,೧೦೦ ಟನ್ನುಗಳೆಂಬ ಅಂದಾಜನ್ನು ಪ್ರಕಟಿಸಿದುವು. ೨೦೨೧ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಪಾರ್ಲಿಮೆಂಟಿಗೆ ತಿಳಿಸಿದ ಮೊತ್ತವು ೧,೬೦೦ ಟನ್ನು. ಅದೂ ಮಿತವಾದ ಶೋಧನೆಯಿಂದ ಊಹಿಸಿದ ವರ್ಗಕ್ಕೆ ಸೇರಿದುದು. ಈ ಎರಡು ಅಂಕಿಗಳ ನಡುವಣ ಅಂತರವನ್ನು ನೋಡಿಯೇ ಜಮೀನಿನ ಬೆಲೆಯ ಮಾತನಾಡುವವರು ತುಸು ನಿಧಾನಿಸಬೇಕು. ಇದಲ್ಲದೆ, ಶುದ್ಧವಾದ ಸ್ಪಾಡ್ಯುಮೀನಿನ ೧೦೦ ಕಿಲೋಗ್ರಾಮಿನಲ್ಲಿ ಲಿಥಿಯಂ ೪ ಕಿಲೋಗ್ರಾಮಿಗೂ ಕಡಿಮೆ. ಗಣಿಯ ಕಲ್ಲಿನಲ್ಲಿ ಅದಕ್ಕಿಂತಲೂ ಕಡಿಮೆ. ಕಲ್ಲನ್ನು ಎಷ್ಟು ಕಾಸಿದರೂ, ಯಾವ ಆಮ್ಲದಲ್ಲಿ ನೆನೆಯಿಸಿದರೂ, ಅಲ್ಲಿ ಇದ್ದುದನ್ನು ತೆಗೆಯಬಹುದೇ ಹೊರತು ಇಲ್ಲದುದನ್ನು ಮಾಡಲಾಗುವುದಿಲ್ಲ.

ಬ್ಯಾಟರಿಯ ಪ್ರಶ್ನೆಗೂ ಇದೇ ಉತ್ತರ. ಮೊಬೈಲನ್ನು ಬಳಸುವಾಗ ಲಿಥಿಯಂ ಒಂದು ಬದಿಯಲ್ಲಿ ತನ್ನ ಎಲೆಕ್ಟ್ರಾನನ್ನು ಬಿಡುವುದು. ಎಲೆಕ್ಟ್ರಾನು ಹೊರಗಿನ ತಂತಿಯ ದಾರಿಯನ್ನು ಹಿಡಿದು, ಕೆಲಸ ಮಾಡಿ, ಇನ್ನೊಂದು ಬದಿಗೆ ಬರುವುದು. ಲಿಥಿಯಂ ಅಯಾನು ಬ್ಯಾಟರಿಯ ಒಳದಾರಿಯಲ್ಲಿಯೇ ನಡೆದು ಅದೇ ಬದಿಗೆ ಸೇರುವುದು. ಚಾರ್ಜು ಮಾಡುವಾಗ ಎರಡೂ ಹಿಂದಿರುಗುವುವು. ಎಣ್ಣೆಯಂತೆ ಉರಿದು ತೀರುವ ಮಾತೇ ಇಲ್ಲ. ಈ ವಿಧಾನವನ್ನು ರೂಪಿಸಿದ ಗುಡ್‌ಎನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ ೨೦೧೯ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಕೆಲವು ವರ್ಷಗಳಾದ ಮೇಲೆ ಬ್ಯಾಟರಿಯು ಸೋಲುವುದು ಏಕೆಂದರೆ ಲಿಥಿಯಂ ಅಲ್ಲಲ್ಲಿ ಬೇರೆ ಸಂಯುಕ್ತಗಳಲ್ಲಿ ಸಿಕ್ಕಿಕೊಂಡು ಓಡಾಡಲಾರದೆ ನಿಲ್ಲುವುದರಿಂದ. ಸತ್ತ ಬ್ಯಾಟರಿಯಿಂದ ಅದನ್ನು ಮರಳಿ ತೆಗೆಯುವ ಕಾರ್ಖಾನೆಗಳು ನಡೆಯುತ್ತಿರುವುದು ಆದಕಾರಣದಿಂದಲೇ.

ಒಂದು ಮೂಲವಸ್ತುವನ್ನು ಇನ್ನೊಂದಾಗಿ ಮಾಡಲು ಸಾಧ್ಯವೇ ಇಲ್ಲವೇ? ಉಂಟು, ಬೀಜವನ್ನೇ ಮುಟ್ಟಬೇಕು. ಇದರಲ್ಲಿಯೂ ಲಿಥಿಯಮ್ಮಿಗೆ ಗೌರವದ ಸ್ಥಾನವಿದೆ. ೧೯೩೨ರಲ್ಲಿ ಕೇಂಬ್ರಿಜ್ಜಿನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಎಂಬವರು ಲಕ್ಷಾಂತರ ವೋಲ್ಟುಗಳ ಬಲದಿಂದ ಪ್ರೋಟಾನುಗಳನ್ನು ಓಡಿಸಿ ಲಿಥಿಯಮ್ಮಿನ ಮೇಲೆ ಹೊಡೆಯಿಸಿದರು. ಮೂರು ಪ್ರೋಟಾನಿನ ಬೀಜವು ಒಂದನ್ನು ನುಂಗಿ ನಾಲ್ಕಾಗಿ, ಕೂಡಲೆ ಎರಡೆರಡರ ಎರಡು ತುಂಡುಗಳಾಯಿತು; ಅಂದರೆ ಎರಡು ಹೀಲಿಯಂ. ಎಲೆಕ್ಟ್ರಾನನ್ನು ಕಳೆದುಕೊಂಡು ಆಗದ ಹೀಲಿಯಂ ಹೀಗೆ ಆಯಿತು. ಬಂಗಾರವನ್ನೂ ಮಾಡಿರುವರು. ಯೂರೋಪಿನ ಸೆರ್ನ್ ಸಂಸ್ಥೆಯ ಮಹಾಯಂತ್ರದಲ್ಲಿ ೮೨ ಪ್ರೋಟಾನಿನ ಸೀಸದ ಬೀಜಗಳು ಒಂದರ ಪಕ್ಕದಲ್ಲೊಂದು ಹಾದುಹೋಗುವಾಗ ಕೆಲವು ಮೂರು ಪ್ರೋಟಾನುಗಳನ್ನು ಕಳೆದುಕೊಂಡು ೭೯ರ ಬಂಗಾರವಾಗುವುದನ್ನು ಅಲ್ಲಿಯ ವಿಜ್ಞಾನಿಗಳು ೨೦೨೫ರಲ್ಲಿ ಪ್ರಕಟಿಸಿದರು. ೨೦೧೫ರಿಂದ ೨೦೧೮ರ ವರೆಗಿನ ಪ್ರಯೋಗದಲ್ಲಿ ಹುಟ್ಟಿದ ಒಟ್ಟು ಬಂಗಾರ ೨೯ ಪಿಕೋಗ್ರಾಂ: ಒಂದು ಗ್ರಾಮನ್ನು ಒಂದು ಲಕ್ಷ ಕೋಟಿ ಭಾಗ ಮಾಡಿದರೆ ಅದರಲ್ಲಿ ೨೯ ಭಾಗ. ಅದೂ ಕ್ಷಣಮಾತ್ರದಲ್ಲಿ ಚೂರಾಗಿ ಹೋಯಿತು.

ಈಗ ಮೂರನೆಯ ಪ್ರಶ್ನೆ. ಹಳೆಯ ತಾಮ್ರದ ಚೊಂಬಿಗೋ ಬಿಂದಿಗೆಗೋ ಸಿಡಿಲು ಬಡಿದರೆ ಅದು ಇರಿಡಿಯಂ ಆಗುವುದೆಂದೂ, ಅಕ್ಕಿಯ ಕಾಳುಗಳನ್ನು ತನ್ನ ಕಡೆಗೆ ಸೆಳೆಯುವುದೆಂದೂ, ಪರದೇಶದ ಬಾಹ್ಯಾಕಾಶ ಸಂಸ್ಥೆಯವರು ಅದಕ್ಕೆ ಕೋಟಿಗಟ್ಟಲೆ ಕೊಡುವರೆಂದೂ ಹೇಳಿ, ‘ಪರೀಕ್ಷೆಯ ಖರ್ಚು’ ಎಂದು ಹಣವನ್ನು ಕೀಳುವ ವಂಚಕರಿರುವರು. ರೈಸ್ ಪುಲ್ಲಿಂಗ್ ಎಂಬ ಹೆಸರಿನ ಈ ಮೋಸದಲ್ಲಿ ಪೊಲೀಸರು ನಮ್ಮ ರಾಜ್ಯದಲ್ಲಿಯೂ ಜನರನ್ನು ಹಿಡಿದಿರುವರು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ಅತ್ತೆಯ ಮನೆಯವರು ಕಬ್ಬಿನ ಬಟವಾಡೆಯ ಹಣವನ್ನೂ ಒಂದು ಜೊತೆ ಬಳೆಯನ್ನು ಅಡವಿಟ್ಟು ತಂದುದನ್ನೂ ಇದರಲ್ಲಿ ಕಳೆದುಕೊಂಡರು. ಅವಳು ತನ್ನ ಮಾವನವರೊಡನೆ ಚೊಂಬನ್ನು ನಮ್ಮಲ್ಲಿಗೆ ತಂದಳು. ಆ ಹಿರಿಯರು, “ಸಿಡಿಲಿಗೆ ಅಷ್ಟೊಂದು ಶಕ್ತಿ ಇದೆಯಲ್ಲಾ ಅಮ್ಮಾವ್ರೆ, ಯಾಕೆ ಆಗಬಾರದು?” ಎಂದು ಕೇಳಿದರು.

ನಾವು ಹಲಗೆಯ ಮೇಲೆ ಎರಡು ಸಂಖ್ಯೆಗಳನ್ನು ಬರೆದು ತೋರಿಸಿದೆವು. ತಾಮ್ರ ೨೯, ಇರಿಡಿಯಂ ೭೭. ಪ್ರತಿಯೊಂದು ಪರಮಾಣುವಿನ ಬೀಜಕ್ಕೂ ೪೮ ಪ್ರೋಟಾನುಗಳು ಹೊಸದಾಗಿ ಸೇರಬೇಕು, ನ್ಯೂಟ್ರಾನುಗಳ ಲೆಕ್ಕ ಬೇರೆ. ಚೊಂಬಿನ ಮೇಲೆ ಸಿಡಿಲು ಮಾಡಬಲ್ಲದ್ದು ಎಲೆಕ್ಟ್ರಾನುಗಳನ್ನು ನುಗ್ಗಿಸುವುದು, ಕಾಯಿಸುವುದು, ಕರಗಿಸುವುದು. ತಾಮ್ರದ ಬೀಜಕ್ಕೆ ೪೮ ಪ್ರೋಟಾನುಗಳನ್ನು ತುಂಬುವುದು ಅದರಿಂದ ಆಗುವ ಕೆಲಸವಲ್ಲ. ಅಕ್ಕಿಯನ್ನು ಸೆಳೆಯುವ ಕೈಚಳಕಕ್ಕೆ ಇರಿಡಿಯಂ ಬೇಕಾಗಿಯೂ ಇಲ್ಲ. ಕಾಳಿಗೆ ಕಬ್ಬಿಣದ ಪುಡಿಯನ್ನು ಸೇರಿಸಿ ಪಾತ್ರೆಯೊಳಗೆ ಅಯಸ್ಕಾಂತವನ್ನು ಬಚ್ಚಿಟ್ಟರೆ ಸಾಕು. ಚೊಂಬಿನ ತಳವನ್ನು ತಟ್ಟಿ ನೋಡಿದಾಗ ಅಂಟಿಸಿದ್ದ ಎರಡನೆಯ ತಗಡು ಬಿಟ್ಟುಕೊಂಡಿತು. ಒಳಗೆ ಕಾಸಿನಗಲದ ಅಯಸ್ಕಾಂತವಿತ್ತು. ಹಿರಿಯರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಆಮೇಲೆ ಸೊಸೆಯನ್ನು ಕರೆದುಕೊಂಡು ಪೊಲೀಸು ಠಾಣೆಗೆ ದೂರು ಕೊಡಲು ಹೊರಟರು. ಚೊಂಬನ್ನೂ ಅಯಸ್ಕಾಂತವನ್ನೂ ಬಟ್ಟೆಯಲ್ಲಿ ಕಟ್ಟಿ ಅವರ ಕೈಗೆ ಕೊಟ್ಟು ಕಳುಹಿಸಿದೆವು.